ಅಳಿಯನ ಊಟಕ್ಕೆ ಬಂದ ಹದ್ದುಗಳು

ಅಳಿಯ ಮೊದಲ ಸಲ ಮನೆಗೆ ಬರುವ ದಿನವೇ ಊರಿನಲ್ಲಿ ಮಟನ್ ಸಿಗದಿದ್ದರೆ ಮಾವನಾದವನು ಏನು ಮಾಡಬೇಕು? ಹುಲಿಗುಡ್ಡದ ಹಾಲಿನ ಭರಮಣ್ಣನಿಗೆ ಆ ಬುಧವಾರ ಬೆಳಿಗ್ಗೆ ಬಂದೊದಗಿದ ಕಷ್ಟ ಇದು.

ಹುಲಿಗುಡ್ಡ ಕಂಪ್ಲಿಯಿಂದ ಅರ್ಧ ಗಂಟೆಯ ದಾರಿ. ವಾಯುಸೇನೆಯ ನೆಲೆ ಬರುವ ಮುಂಚೆ ಅಲ್ಲಿಗೆ ದಿನಕ್ಕೊಂದು ಬಸ್ಸು, ಅದೂ ಡ್ರೈವರಿಗೆ ಮನಸ್ಸು ಬಂದರೆ. ಈಗ ಎಂಟು ಬಸ್ಸು, ಬ್ಯಾಂಕು, ಡಾಂಬರು ರಸ್ತೆ, ಭಾನುವಾರ ಪುಕ್ಕಟೆ ನೋಡುವ ಡಾಕ್ಟರು. ಮನೆಗೊಬ್ಬರಾದರೂ ನೆಲೆಯ ಗೇಟ್ ಪಾಸು ಇರುವವರೇ. ಒಬ್ಬ ರನ್‌ವೇ ಪಕ್ಕದ ಹುಲ್ಲು ಕೊಯ್ಯುತ್ತಾನೆ, ಇನ್ನೊಬ್ಬಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾಳೆ, ಭರಮಣ್ಣ ಮೆಸ್ಸಿಗೆ ದಿನಾ ಮೂವತ್ತು ಲೀಟರ್ ಹಾಲು ಹಾಕುತ್ತಾನೆ. ಆ ಊರಿನವರು ಆಧಾರ್ ಕಾರ್ಡು ಕಳೆದುಕೊಂಡರೂ ನಿದ್ದೆ ಮಾಡುತ್ತಾರೆ, ಗೇಟ್ ಪಾಸು ಕಳೆದುಕೊಂಡರೆ ಮಾಡುವುದಿಲ್ಲ.

ಶುಕ್ರವಾರ ದೊಡ್ಡ ಸಾಹೇಬರೊಬ್ಬರ ಮುಂದೆ ವಿಮಾನಗಳ ಕಸರತ್ತು ಇತ್ತು. ಹಾಗಾಗಿ ಪಂಚಾಯಿತಿ ಸದಸ್ಯ ಜಂಬಯ್ಯ ಆಟೋದಲ್ಲಿ ಮೈಕು ಹಿಡಿದು ಓಣಿ ಓಣಿ ಸುತ್ತುತ್ತಿದ್ದ.

"ಶುಕ್ರವಾರದ ತನಕ ಯಾರೂ ಕುರಿ, ಕೋಳಿ ಕೊಯ್ಯಂಗಿಲ್ರಪಾ! ಎಲುಬು ಕಂಡ್ರ ಹದ್ದು ಬರ್ತಾವು. ಹದ್ದು ವಿಮಾನಕ್ಕ ಬಡದ್ರ ಬೇಸ್‌ನಾ ಬ್ಯಾರೆ ಊರಿಗೆ ಎತ್ಕೊಂಡು ಹೋಗಿಬಿಡ್ತಾರ! ಯಾರ ಮನಿ ಮ್ಯಾಲ ಹದ್ದು ತಿರುಗ್ತಾವು, ಆ ಮನಿ ಗೇಟ್ ಪಾಸ್ ಕ್ಯಾನ್ಸಲ್!"

ಈ ಕೂಗಿನ ನಡುವೆಯೇ ಸಂಡೂರಿನ ಅಳಿಯ ಮಾರುತೇಶನ ಫೋನು ಬಂತು.

"ಮಾವಾ, ಇವತ್ತ ನಿಮ್ಮ ಮನಿಗೆ ಬರ್ತೀನ್ರಿ. ಒಂದು ಖುಷಿ ಸುದ್ದಿ ಐತಿ, ಬಂದಾ ಹೇಳ್ತೀನಿ. ಊಟ ನಿಮ್ಮಲ್ಲೇ ರೀ."

ತವರಿಗೆ ಬಂದಿದ್ದ ಮಗಳು ಸುಮಲತಾಳನ್ನು ಕೇಳಿದರೆ, "ನನಗೂ ಹೇಳಿಲ್ಲಪ್ಪ" ಎಂದಳು. ಹೆಂಡತಿ ವಿರುಪಮ್ಮನಿಗೆ ಸುದ್ದಿಗಿಂತ ಊಟದ ಚಿಂತೆ ಹತ್ತಿಕೊಂಡಿತು.

"ಮದಿವಿ ಆದಮ್ಯಾಲ ಮೊದಲ್ನೇ ಸಲ ಬರಾಕತ್ತಾನ. ಬ್ಯಾಳಿ ಸಾರು ಹಾಕಿ ಕಳಿಸಿದ್ರ ನಮ್ಮ ಬೀಗ್ತಿ ಸಂಡೂರು ತುಂಬ ಹೇಳ್ಕೊಂಡು ತಿರುಗ್ತಾಳ. ನಮ್ಮ ಹುಡುಗಿ ಅಲ್ಲಿ ತಲಿ ಎತ್ಕೊಂಡು ಬಾಳ್ವಿ ಮಾಡ್ಬೇಕೋ ಬ್ಯಾಡೋ?"

ಭರಮಣ್ಣ ಕೊರಳಲ್ಲಿದ್ದ ಗೇಟ್ ಪಾಸನ್ನೊಮ್ಮೆ ನೋಡಿದ, ಮಗಳ ಮುಖವನ್ನೊಮ್ಮೆ ನೋಡಿದ. ಮಗಳು ಗೆದ್ದಳು. ಖಾಲಿ ಹಾಲಿನ ಕ್ಯಾನನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಕಂಪ್ಲಿಗೆ ಹೋದ. ಎರಡು ಕಿಲೋ ಮಟನ್ನು ಕ್ಯಾನಿನೊಳಗೆ ಇಳಿಸಿ, ಮುಚ್ಚಳ ಬಿಗಿದು, ಏನೂ ಅರಿಯದವನ ಮುಖ ಮಾಡಿಕೊಂಡು ವಾಪಸು ಬಂದ.

ಊರೊಳಗೆ ಕಾಲಿಡುತ್ತಲೇ ಪಕ್ಕದ ಮನೆಯ ಶಾಂತಕ್ಕ ತಂಬಿಗೆ ಹಿಡಿದು ಅಡ್ಡ ಬಂದಳು.

"ಏ ಭರಮಣ್ಣ, ನಿಂದ್ರು. ಮಂದಿ ಬಂದಾರ, ಅರ್ಧ ಲೀಟರ್ ಹಾಕ್ಹೋಗು."

"ಹಾಲು ಒಡದೈತಕ್ಕಾ."

"ಒಡದ್ರ ಒಡೀಲಿ, ಸಕ್ರಿ ಹಾಕಿ ಕಾಸ್ತೀನಿ."

"ಅಲ್ಲಕ್ಕಾ, ಕ್ಯಾನ್ ಖಾಲಿ ಐತಿ."

"ಖಾಲಿ ಕ್ಯಾನಿನ ಹಿಂದ ಮೂರು ನಾಯಿ ಯಾಕ ಬೆನ್ನು ಹತ್ಯಾವೋ?"

ಭರಮಣ್ಣ ಹಿಂದೆ ತಿರುಗಿ ನೋಡಿದ. ನಾಯಿಗಳು ದಿಬ್ಬಣದವರಂತೆ ಶಿಸ್ತಾಗಿ ಬರುತ್ತಿದ್ದವು. ಬೇರೆ ದಾರಿ ಕಾಣದೆ, "ಒಂದು ಬಟ್ಟಲು ಸಾರು ಕಳಿಸ್ತೀನಿ, ಬಾಯಿ ಬಿಡಬ್ಯಾಡಕ್ಕಾ" ಎಂದು ಕೈ ಮುಗಿದ. ಶಾಂತಕ್ಕ ಮಾತು ಉಳಿಸಿಕೊಂಡಳು. ಮನೆಗೆ ಬಂದಿದ್ದ ಮಂದಿಗೆ ಬಿಟ್ಟರೆ ಇನ್ಯಾರಿಗೂ ಹೇಳಲಿಲ್ಲ. ಆ ಮಂದಿಯಲ್ಲಿ ಜಂಬಯ್ಯನ ತಂಗಿಯೂ ಇದ್ದಳು.

ಇತ್ತ ಭರಮಣ್ಣನ ಮನೆಯ ಕಿಟಕಿ ಬಾಗಿಲು ಎಲ್ಲಾ ಬಂದ್ ಆದವು. ವಾಸನೆ ಮುಚ್ಚಲು ಒಂದಿಡೀ ಪೊಟ್ಟಣ ಊದುಬತ್ತಿ ಹಚ್ಚಿಟ್ಟರು. ಮಸಾಲೆ ಕುದಿಯತೊಡಗಿದಾಗ ಮನೆಯೊಳಗೆ ಗುಡಿಯೂ ಮಿಲಿಟರಿ ಹೋಟೆಲೂ ಒಟ್ಟಿಗೆ ಸಂಸಾರ ಹೂಡಿದಂತಿತ್ತು. ಆಗಲೇ ಹಿತ್ತಲ ಬಾಗಿಲು ದೂಡಿಕೊಂಡು ಜಂಬಯ್ಯ ಒಳಗೆ ಬಂದ.

"ಏನ್ಲೇ ಭರಮಾ, ಊದಿನಕಡ್ಡ್ಯಾಗ ಈಗ ಗರಂ ಮಸಾಲಿನೂ ಹಾಕ್ತಾರೇನು?"

"ಅಳಿಯ ಬರ್ತಾನ ಜಂಬಣ್ಣ, ಮೊದಲ್ನೇ ಸಲ. ನನ್ನ ಮರ್ಯಾದಿ ನಿನ್ನ ಕೈಯಾಗ ಐತಿ."

"ನಾ ಏನ್ ಬ್ಯಾರೆಯಾವನಾ? ಸುಮ್ನ ಒಂದು ಬಟ್ಲು ತಾ, ಬೆಂದೈತೋ ಇಲ್ಲೋ ನೋಡ್ತೀನಿ."

ಬಟ್ಟಲಿನಲ್ಲಿ ಮೂಳೆಯೇ ಬಂತು. ಜಂಬಯ್ಯ ಕಣ್ಣು ಮುಚ್ಚಿ ಅದನ್ನು ಚೀಪಿದ. ಚೀಪಿ ಮುಗಿಸಿ, ಹುಟ್ಟಿದಾಗಿನಿಂದ ಬಂದ ರೂಢಿಯಂತೆ ಹಿತ್ತಲ ತಿಪ್ಪೆಗೆ ಎಸೆದ. ವಿರುಪಮ್ಮ "ಅಯ್ಯೋ ಯಪ್ಪಾ!" ಎಂದು ಚೀರುವಷ್ಟರಲ್ಲಿ ಒಂದು ಹದ್ದು ಬಂದಾಗಿತ್ತು. ಅದರ ಹಿಂದೆ ನಾಲ್ಕು ಬಂದವು. ಆಮೇಲೆ ಯಾರೂ ಎಣಿಸಲಿಲ್ಲ.

ಭರಮಣ್ಣ ಟವೆಲ್ಲು ಬೀಸುತ್ತಾ ಹಿತ್ತಲಿಗೆ ಓಡಿದ. ಪಾಪ, ನೆರೆಯವರು ಸಹಾಯಕ್ಕೆಂದು ಮಾಳಿಗೆ ಹತ್ತಿ ತಾಟು ಬಡಿಯತೊಡಗಿದರು. ಹದ್ದುಗಳು ಜಗ್ಗಲಿಲ್ಲ. ಯಾರ ಮನೆಯೆಂದು ಗೊತ್ತಿಲ್ಲದಿದ್ದವರಿಗೆ ಮಾತ್ರ ಈಗ ಗೊತ್ತಾಯಿತು. ಜಂಬಯ್ಯ ಬಾಯಿ ಒರೆಸಿಕೊಂಡು ಆಟೋ ಹತ್ತಿದವನೇ ಮೈಕು ಹಿಡಿದ. "ಭರಮಣ್ಣನ ಮನಿಗೂ ನನಗೂ ಏನೂ ಸಂಬಂಧ ಇಲ್ರಪಾ!"

ಅಷ್ಟರಲ್ಲಿ ನೆಲೆಯ ಜೀಪು ಬಂದೇಬಿಟ್ಟಿತು. ಇಬ್ಬರು ಇಳಿದು ಆಕಾಶಕ್ಕೆ ಪಟಾಕಿ ಹಾರಿಸಿದರು. ಮೂರನೆಯವನು ಗರಿಗರಿ ಖಾಕಿ ತೊಟ್ಟು, ಕೈಯಲ್ಲಿ ಕೇಸು ಬರೆಯುವ ಪುಸ್ತಕ ಹಿಡಿದು, ಕತ್ತು ಮೇಲೆತ್ತಿ ಹದ್ದುಗಳು ಸುತ್ತುವ ಜಾಗ ನೋಡುತ್ತಾ ನೋಡುತ್ತಾ ನೇರ ಭರಮಣ್ಣನ ಬಾಗಿಲಿಗೆ ಬಂದು ನಿಂತ. ಕತ್ತು ಇಳಿಸಿದ.

"ಮಾವಾ!"

"ಅಳಿಯಂದ್ರ! ನೀವಾ?"

"ಇದಾ ರೀ ಖುಷಿ ಸುದ್ದಿ. ಬೇಸ್‌ನಾಗ ಹದ್ದು ಓಡ್ಸೋ ಕೆಲ್ಸ ಸಿಕ್ಕೈತಿ. ಇವತ್ತಾ ಮೊದಲ್ನೇ ದಿನ."

ಜೀಪಿನಿಂದ ಸೂಪರ್‌ವೈಸರ್ ಕೂಗಿದ. "ಏನ್ ಸಿಕ್ತಪಾ ಮಾರುತೇಶ?"

ಮಾರುತೇಶನ ಮುಖ ಸಣ್ಣದಾಯಿತು. "ಬಿಟ್ರ ನನ್ನ ಕೆಲ್ಸ ಹೋಗ್ತೈತ್ರಿ ಮಾವಾ. ಸಿಕ್ಕ ಮಟನ್ ಗುಂಡಿ ತೋಡಿ ಹೂಳಬೇಕಂತ ರೂಲ್ಸ್ ಐತಿ. ಪಾತ್ರಿ ಕೊಡ್ರಿ, ಗೇಟ್ ಪಾಸೂ ಕೊಡ್ರಿ."

ಭರಮಣ್ಣನಿಗೆ ಅಳು ಬಂತು. ಆದರೂ ಅಳಿಯನ ಕೆಲಸವೆಂದರೆ ಮಗಳ ಬಾಳು. ಪಾಸನ್ನು ಕೊರಳಿಂದ ತೆಗೆದುಕೊಟ್ಟ. ಬಿಸಿ ಪಾತ್ರೆಯನ್ನು ತಾನೇ ಎತ್ತಿ ಜೀಪಿನಲ್ಲಿಟ್ಟ.

"ಒಳಗ ಇನ್ನೇನಾರ ಐತೇನ್ರಿ?" ಎಂದು ಮಾರುತೇಶ ಸೂಪರ್‌ವೈಸರಿಗೆ ಕೇಳುವಂತೆ ಗಟ್ಟಿಯಾಗಿ ಕೇಳಿದ.

ವಿರುಪಮ್ಮ ಇಲ್ಲವೆಂದು ತಲೆಯಾಡಿಸಿದಳು. ಬುಟ್ಟಿಯಡಿ ಒಂದು ದೊಡ್ಡ ಬಟ್ಟಲು ಮುಚ್ಚಿಟ್ಟಿದ್ದು ಗಂಡನಿಗೆ ಗೊತ್ತಿತ್ತು. ಅಳಿಯನ ಮೊದಲ ದಿನದ ಮೊದಲ ಕೇಸು, ಅದರಲ್ಲಿ ಮಾವನೇ ಮೋಸ ಮಾಡುವುದೇ? ಛೆ! ಭರಮಣ್ಣ ಒಳಗೆ ಹೋಗಿ ಆ ಬಟ್ಟಲನ್ನೂ ತಂದುಕೊಟ್ಟ. ಮಾರುತೇಶ ಒಲ್ಲದ ಮನಸ್ಸಿನಿಂದ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ.

ಸಂಜೆ ಡ್ಯೂಟಿ ಮುಗಿಸಿಕೊಂಡು ಬಂದ ಅಳಿಯ ಕೈಕಾಲು ತೊಳೆದು ಊಟಕ್ಕೆ ಕುಳಿತ. ವಿರುಪಮ್ಮ ತಲೆ ತಗ್ಗಿಸಿ ಬೇಳೆ ಸಾರು ಬಡಿಸಿದಳು. ಅವನು ಸೌಟಿನ ಕಡೆ ನೋಡಿದ, ಒಲೆಯ ಕಡೆ ನೋಡಿದ, ಕೊನೆಗೆ ಮಾವನ ಕಡೆ ನೋಡಿದ.

"ಮಾವಾ, ಸೂಪರ್‌ವೈಸರ್ ಮುಂದಿದ್ದ, ಕೇಳೋದು ನನ್ನ ಡ್ಯೂಟಿ, ಕೇಳಿದೆ. ಮುಚ್ಚಿಡೋದು ನಿಮ್ಮ ಡ್ಯೂಟಿ ಅಲ್ಲೇನ್ರಿ? ಇನ್ನ ನಮ್ಮವ್ವ ಫೋನ್ ಮಾಡಿ ಏನುಂಡಿ ಅಂತ ಕೇಳಿದ್ರ, ಬ್ಯಾಳಿ ಅಂತಾನ ಹೇಳ್ಬೇಕಲ್ರಿ!"