ಅರವತ್ತೆರಡು ಡಿಗ್ರಿಯ ಆಳ್ವಿಕೆ

ಮೇಜು ಕುಟ್ಟಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ಭಕ್ತಿ. ನಾನು ಸ್ವತಃ ಮೇಜು ಕುಟ್ಟಿದರೆ ಕೈ ನೋಯುತ್ತದೆ, ಅಷ್ಟೆ. ಎಪ್ಪತ್ತರ ದಶಕದಲ್ಲಿ ಡೆಟ್ರಾಯಿಟ್‌ನ ಕಾರು ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದಾಗ ನನ್ನ ಮೇಲಧಿಕಾರಿ ನಾಲ್ಕು ವರ್ಷ ನನ್ನ ಹೆಸರನ್ನು ತಪ್ಪಾಗಿ ಕರೆದ. ತಿದ್ದುವ ಧೈರ್ಯವಾಗದೆ ನಾಲ್ಕು ವರ್ಷವೂ ಅದೇ ಹೆಸರಿಗೆ ಓಗೊಟ್ಟೆ. ಇಂಥವನಿಗೆ ಜಗತ್ತಿನ ಸರ್ವಾಧಿಕಾರಿಗಳ ಮೇಲೆ ಮೋಹ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿದೆ?

ಆಗ ಇಂಡಿಯಾದಲ್ಲಿ ಎಮರ್ಜೆನ್ಸಿ. ಶನಿವಾರ ಮಧ್ಯಾಹ್ನ ಡೆಟ್ರಾಯಿಟ್ ಬಳಿಯ ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ಕನ್ನಡದವರು ಊಟಕ್ಕೆ ಸೇರಿದಾಗಲೆಲ್ಲ ಅದೇ ವಾದ. ಬಿಸಿಬೇಳೆಭಾತಿನ ತಟ್ಟೆ ಹಿಡಿದು ನಾನು, "ನಮ್ಮ ಜನಕ್ಕೆ ಒಬ್ಬ ಸ್ಟ್ರಾಂಗ್ ಲೀಡರ್ರೇ ಬೇಕು ಕಣ್ರಿ" ಎನ್ನುತ್ತಿದ್ದೆ. ಏಳು ಸಾವಿರ ಮೈಲಿ ದೂರದಲ್ಲಿ ಕೂತವನಿಗೆ ಕಠಿಣ ಆಡಳಿತ ಬಹಳ ಹಿತವಾಗಿರುತ್ತದೆ.

ಮನೆಯಲ್ಲಿ ನನ್ನದೂ ಒಂದು ಪುಟ್ಟ ರಾಜ್ಯವಿತ್ತು. ಇಂಧನ ತೈಲದ ಅಭಾವದ ಕಾಲ ಅದು, ಮನೆಗಳನ್ನು ಹೆಚ್ಚು ಬಿಸಿಮಾಡಬೇಡಿ ಎಂದು ಸರ್ಕಾರವೇ ಕೇಳಿಕೊಂಡಿತ್ತು. ನಾನು ಮನೆಯ ಶಾಖ ನಿಯಂತ್ರಿಸುವ ಥರ್ಮೋಸ್ಟಾಟನ್ನು ಅರವತ್ತೆರಡು ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಮೈ ನಡುಗುವ ಚಳಿಗೆ, ನಿಲ್ಲಿಸಿ, ಯಾರೂ ಮುಟ್ಟಕೂಡದೆಂದು ಅಪ್ಪಣೆ ಹೊರಡಿಸಿದೆ. ಹೆಂಡತಿ ಸುಧಾ ಎರಡು ಸ್ವೆಟರ್ ಹಾಕಿಕೊಂಡು ಚಪಾತಿ ಲಟ್ಟಿಸಿದಳು. ಮಗಳು ಮಾಯಾ, ಮಗ ಅನಿಲ್ ಟೋಪಿ ಹಾಕಿಕೊಂಡೇ ಹೋಮ್‌ವರ್ಕ್ ಬರೆದರು. ಯಾರೂ ಚಕಾರವೆತ್ತಲಿಲ್ಲ. ಕಾರ್ಖಾನೆಯಲ್ಲಿ ಹೆಸರಿಗೂ ಗತಿಯಿಲ್ಲದವನ ಮಾತು ಮನೆಯಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ನಿಲ್ಲುತ್ತಿತ್ತು. ಎಂಥ ಶಿಸ್ತಿನ ಸಂಸಾರ ಎಂದು ಹಿಗ್ಗಿದೆ.

ಆ ಚಳಿಗಾಲಕ್ಕೆ ಸುಧಾಳ ಸೋದರತ್ತೆ ಶಾಂತಾಬಾಯಿ ಧಾರವಾಡದಿಂದ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಐದಡಿಗೂ ಕಡಿಮೆ ಎತ್ತರ, ನೂಲಿನ ಸೀರೆಯ ಮೇಲೆ ನನ್ನ ಹಳೆಯ ಕೋಟು. ಅವರು ಕೋಣೆಗೆ ಬಂದರೆ ನನ್ನ ಗೆಳೆಯ ಮೂರ್ತಿ ತನಗರಿವಿಲ್ಲದೆ ಎದ್ದು ನಿಲ್ಲುತ್ತಿದ್ದ. ಸರಿ, ನನ್ನ ಪಕ್ಷಕ್ಕೆ ಬಲವಾದ ಸಾಕ್ಷಿ ಸಿಕ್ಕಿತೆಂದುಕೊಂಡು ಒಂದು ಶನಿವಾರ ಎಲ್ಲರೆದುರೂ ಕೇಳಿದೆ: "ಅತ್ತೆ, ನೀವೇ ಹೇಳಿ. ಬಿಗಿ ಇಲ್ದೆ ಏನಾದ್ರೂ ನಡೆಯತ್ತಾ?"

ಅವರು ತಟ್ಟೆಯನ್ನು ಕೆಳಗಿಟ್ಟರು.

"ಅಳಿಯಂದ್ರ, ಸರ್ವಾಧಿಕಾರಿ ಹೆಂಗ ಆಗ್ತಾರ ನನಗ ಗೊತ್ತದ. ನಾನೂ ಆಗಿದ್ದೆ. ಹೆಡ್‌ಮಿಸ್ಟ್ರೆಸ್ ಆಗಿ ಹೋದ ಮೊದಲನೇ ದಿನಾ, ಮುಂದ ನಾನೂರು ಹುಡುಗ್ಯಾರು, ಹಿಂದ ಮುಸಿಮುಸಿ ನಗೋ ಮಾಸ್ತರು. ಅಂಜಿಕಿಗೆ ಜೋರಾಗಿ ಒದರಿಬಿಟ್ಟೆ. ಇಡೀ ಸಾಲಿ ಗಪ್! ಆ ಗಪ್ಪಿನ ರುಚಿ ನನಗ ಹತ್ತಿತು. ಆರು ವರ್ಷ ನನ್ನ ಚಪ್ಪಲಿ ಸಪ್ಪಳಾ ಕೇಳಿದ್ರ ಸಾಕು, ಗಪ್."

"ಒಳ್ಳೇದೇ ಆಯ್ತಲ್ಲ?" ಎಂದೆ.

"ಒಂದಿನಾ ಆರನೇ ಇಯತ್ತೆ ಕ್ಲಾಸಿನ ಮ್ಯಾಲಿನ ಜಂತಿ ಮುರದು ಬಿತ್ತು. ಪುಣ್ಯಾಕ್ಕ ಹುಡುಗ್ಯಾರೆಲ್ಲಾ ಆಟಕ್ಕ ಹೋಗಿದ್ರು. ಅದು ಸೀಳಿದ್ದು ಎರಡು ತಿಂಗಳಿಂದ ಎಲ್ಲಾರಿಗೂ ಗೊತ್ತಿತ್ತಂತ. ಮಾಸ್ತರಿಗೆ, ಜವಾನಗ, ಹುಡುಗ್ಯಾರಿಗೆ. ನನಗ ಹೇಳ್ಳಿಕ್ಕೆ ಒಬ್ಬರಿಗೂ ಧೈರ್ಯ ಇರಲಿಲ್ಲ."

"ಆಮೇಲೆ ಏನ್ ಮಾಡಿದ್ರಿ?" ಎಂದು ಮೂರ್ತಿ ಮೆಲ್ಲಗೆ ಕೇಳಿದ.

"ಅತ್ತುಬಿಟ್ಟೆ. ಪ್ರಾರ್ಥನಾದಾಗ, ಎಲ್ಲಾರ ಮುಂದ. ಆಮೇಲೆ ವಾರಕ್ಕೊಮ್ಮೆ ಒಬ್ಬೊಬ್ಬ ಹುಡುಗಿ ಬಂದು ನನ್ನ ತಪ್ಪು ಹೇಳಬೇಕು ಅಂತ ಮಾಡಿದೆ. ಮೊದಲನೇದಾಕಿ ಬಂದು, 'ಬಾಯಾರ, ನೀವು ನಕ್ಕರ ಇನ್ನೂ ಹೆದರಿಕಿ ಆಗ್ತದ್ರಿ' ಅಂದ್ಲು."

ಎಲ್ಲರೂ ನಕ್ಕರು. ನಾನು ಮಾತ್ರ ಅವರನ್ನೇ ನೋಡುತ್ತಿದ್ದೆ. ಒಂದು ಶಾಲೆಯನ್ನು ನಡುಗಿಸುವುದು ದೊಡ್ಡದೇ ಇರಬಹುದು. ಅದೇ ಶಾಲೆಯ ಮುಂದೆ ನಿಂತು ಅತ್ತು, ಮರುದಿನವೂ ಅದೇ ಕುರ್ಚಿಯಲ್ಲಿ ಕೂರುವುದಕ್ಕೆ ಎಂಥ ಎದೆಗಾರಿಕೆ ಬೇಕು! ಅಂಥ ಶಕ್ತಿಯ ಬಗ್ಗೆ ನಾನು ಒಂದು ಶನಿವಾರವೂ ಭಾಷಣ ಮಾಡಿರಲಿಲ್ಲ.

ಅತಿಥಿಗಳು ಹೋದ ಮೇಲೆ ಅತ್ತೆ ಮಕ್ಕಳನ್ನು ಹತ್ತಿರ ಕರೆದರು. "ಈ ಮನ್ಯಾಗೂ ಭಾಳ ಗಪ್ ಅದ. ಏನು ಮುರದದ, ಹೇಳ್ರಿ."

ಮಾಯಾ ಅಮ್ಮನ ಮುಖ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಡ್ಯಾಡ್, ಪ್ಲೀಸ್ ಡೋಂಟ್ ಬಿ ಮ್ಯಾಡ್," ಎಂದು ನನ್ನ ಕೈಹಿಡಿದು ಮಲಗುವ ಕೋಣೆಯಲ್ಲಿ ಬಟ್ಟೆ ಇಡುವ ಕ್ಲಾಸೆಟ್ಟಿನೊಳಕ್ಕೆ ಕರೆದೊಯ್ದಳು. ನೇತುಹಾಕಿದ ಸೀರೆಗಳ ಹಿಂದೆ ಒಂದು ಎಲೆಕ್ಟ್ರಿಕ್ ಹೀಟರ್. ನಾನು ಕೆಲಸಕ್ಕೆ ಹೋದ ಕೂಡಲೇ ತಾಯಿ ಮಕ್ಕಳು ಅಲ್ಲಿ ಸೇರಿ ಕೈಕಾಲು ಕಾಯಿಸಿಕೊಳ್ಳುತ್ತಿದ್ದರಂತೆ. ಪ್ಲಗ್ಗು ಕರಿಹಿಡಿದಿತ್ತು. ಅದರ ಮೇಲಿನ ಗೋಡೆಯ ಕಾಗದ ಕಂದಾಗಿ ಸುರುಟಿಕೊಂಡಿತ್ತು. ಗೇಣುದ್ದದಾಚೆ ಸೀರೆಯ ಸೆರಗು.

ಹಿಂದೆಯೇ ಬಂದು ನಿಂತವರತ್ತ ತಿರುಗಿದೆ. "ಯಾಕೆ ಹೇಳ್ಲಿಲ್ಲ ಸುಧಾ?"

"ಮೂರು ವಾರದಿಂದ ಪ್ಲಗ್ ಬಿಸಿ ಆಗ್ಲಿಕ್ಕತ್ತಿತ್ತು. ಹೇಳಿದ್ರ ಹೀಟರ್ ಕಸಗೋತೀರಿ ಅಂತ ಸುಮ್ಮನಿದ್ದೆ."

ಬಯ್ಯಲು ಬಾಯಿ ತೆರೆದೆ. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ತೆರೆದ ಬಾಯಲ್ಲೇ "ಸಾರಿ" ಎಂದೆ. ನೇರ ಹಜಾರಕ್ಕೆ ಹೋಗಿ ಥರ್ಮೋಸ್ಟಾಟಿನ ಮುಳ್ಳನ್ನು ಎಪ್ಪತ್ತಕ್ಕೆ ತಿರುಗಿಸಿದೆ. ಅನಿಲ್ ಟೋಪಿ ತೆಗೆದು ಸೂರಿಗೆ ಎಸೆದ. ಮಾಯಾ ಚಪ್ಪಾಳೆ ತಟ್ಟುತ್ತ, "ಡ್ಯಾಡ್, ಯು ಆರ್ ದಿ ಬೆಸ್ಟ್!" ಎಂದು ಕುಣಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಸುಧಾರಿಸಿದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಆ ಚಪ್ಪಾಳೆ! ಎಷ್ಟು ಸಿಹಿ! ಭಾನುವಾರ ಯಾರೂ ಕೇಳದಿದ್ದರೂ ಐಸ್‌ಕ್ರೀಮ್ ಘೋಷಿಸಿದೆ. ಸೋಮವಾರ ಹಾಲು ಕುಡಿಯುವುದರಿಂದ ಮಕ್ಕಳಿಗೆ ಮುಕ್ತಿ ಕೊಟ್ಟೆ. ಮಂಗಳವಾರ, ಹಾಗಲಕಾಯಿಯನ್ನು ಈ ಮನೆಯಿಂದ ಶಾಶ್ವತವಾಗಿ ಓಡಿಸುತ್ತೇನೆಂದು ಊಟದ ಮೇಜಿನ ಬಳಿ ಎದ್ದುನಿಂತು ಸಾರಿದೆ. ಮಕ್ಕಳ ಜೈಕಾರದ ನಡುವೆ, ಸುಧಾ ಮಾಡಿಟ್ಟ ಹಾಗಲಕಾಯಿ ಗೊಜ್ಜು ಪಾತ್ರೆಯಲ್ಲೇ ಉಳಿಯಿತು.

ಅತ್ತೆ ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ನೋಡಿದರು. "ಅಳಿಯಂದ್ರ, ಗಪ್ಪಿನ ಚಟಾ ಬಿಡಸೂದು ನನಗ ಗೊತ್ತದ. ಈ ಚಪ್ಪಾಳಿ ಚಟಾ ಬಿಡಸೂದು ಹೆಂಗೋ ತಿಳೀವಲ್ದು."

ಎಷ್ಟು ನಿಜವಾದ ಮಾತು! "ನೀವು ಹೇಳಿದ್ದು ಸರಿ ಅತ್ತೆ, ತಪ್ಪು ನಂದೇ" ಎಂದು ಎಲ್ಲರೆದುರೂ ತಲೆಬಾಗಿಸಿ ಒಪ್ಪಿಕೊಂಡೆ. ಒಪ್ಪಿಕೊಂಡು, ಯಾರಾದರೂ ಮೆಚ್ಚಿಕೊಂಡರೇ ಎಂದು ಓರೆಗಣ್ಣಿನಲ್ಲಿ ಒಂದು ಸುತ್ತು ನೋಡಿದೆ.