ಒಗ್ಗರಣೆಗೆ ಕೂಗುವ ಮನೆ

ದಿಲ್ಲಿಯ ಹೊಗೆಯನ್ನು ತನಗೆ ವೈಯಕ್ತಿಕವಾಗಿ ಮಾಡಿದ ಅವಮಾನ ಎಂದು ತಿಳಿದುಕೊಂಡವರು ಯಾರಾದರೂ ಇದ್ದರೆ ಅದು ಜನಕಪುರಿಯಲ್ಲಿರುವ ನಮ್ಮ ಚಿಕ್ಕಮ್ಮ. ಉಳಿದವರೆಲ್ಲ ಅದನ್ನು ಉಸಿರಾಡುತ್ತಾರೆ, ಕೆಮ್ಮುತ್ತಾರೆ, ಸರ್ಕಾರವನ್ನು ಬೈದು ಆಫೀಸಿಗೆ ಹೋಗುತ್ತಾರೆ. ಚಿಕ್ಕಮ್ಮ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲು ಹತ್ತಿ, ಸೀಲಿಂಗಿಗೆ ಡ್ರಿಲ್ ಹಿಡಿದು ಹೊಗೆ ಅಲಾರಂ ಕೂರಿಸುತ್ತಾಳೆ. ಮನೆಯಲ್ಲಿ ದೇವರ ಪಟಗಳಿಗಿಂತ ಅಲಾರಂಗಳೇ ಹೆಚ್ಚು!

ನಗಿ, ಪರವಾಗಿಲ್ಲ. ನಾನೂ ನಗುತ್ತಿದ್ದೆ. ಆದರೆ ಕಳೆದ ಚಳಿಗಾಲದ ಒಂದು ಭಾನುವಾರ ಆ ಮನೆಯಲ್ಲಿ ನಮ್ಮ ಚಿಕ್ಕಪ್ಪ ಹೊಗೆ ಕುಡಿದು ಹೋಗಿಯೇಬಿಡುತ್ತಿದ್ದರು. ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಎಂದು ನೆನೆದರೆ ಈಗಲೂ ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತೇನೆ. ಅದಕ್ಕೆ ಬರುತ್ತೇನೆ. ಬರದೆ ಎಲ್ಲಿಗೆ ಹೋಗಲಿ? ಮನಸ್ಸು ದಿನಾ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ನಾನು ನೋಯ್ಡಾದಲ್ಲಿ ಕೆಲಸ ಮಾಡುವವಳು. ಪಿಜಿಯ ರಾಜ್ಮಾ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿದಾಗ, ಅಂದರೆ ಪ್ರತಿ ಭಾನುವಾರ, ಮೆಟ್ರೋ ಹಿಡಿದು ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋಗುತ್ತೇನೆ. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರು. ಕೊರೊನಾದಿಂದ ಚೇತರಿಸಿಕೊಂಡು ಎದ್ದ ಮೇಲೆ ಇಬ್ಬರಿಗೂ ಒಂದೊಂದು ಹುಚ್ಚು ಹಿಡಿಯಿತು. ಚಿಕ್ಕಪ್ಪನಿಗೆ ಅಡುಗೆಯದು, ಚಿಕ್ಕಮ್ಮನಿಗೆ ಅಲಾರಂನದು.

ಮೊದಲ ಖರೀದಿಗೆ ಕರೋಲ್ ಬಾಗಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಂಗಡಿಯವನು ಡಬ್ಬಿ ತೆಗೆದು ಮುಂದಿಟ್ಟ. ಚಿಕ್ಕಮ್ಮ ವ್ಯಾನಿಟಿ ಬ್ಯಾಗಿನಿಂದ ಊದುಬತ್ತಿ ಕಟ್ಟು ತೆಗೆದು, ಹಚ್ಚಿ, ಅಲಾರಂಗೆ ಬೆಳಗತೊಡಗಿದಳು! ಅದು ಕೂಗಿದ ರಭಸಕ್ಕೆ ಪಕ್ಕದಂಗಡಿಯವರು ಶಟರ್ ಅರ್ಧ ಇಳಿಸಿದರು.

"ಪಾಸ್," ಎಂದಳು ಚಿಕ್ಕಮ್ಮ. "ಭಯ್ಯಾ, ಐಸೇ ಹೀ ಛೇ ದೇ ದೋ."

ಆರು ಅಲಾರಂ ಕೇಳಿದ ಗಿರಾಕಿ ಹೋಟೆಲನ್ನೇ ತೆರೆಯುತ್ತಿರಬೇಕೆಂದು ಅವನು ಗೌರವದಿಂದ ನೋಡಿದ. "ಆಂಟೀಜೀ, ಹೋಟೆಲ್ ಖೋಲ್ ರಹೀ ಹೋ?"

"ಹೋಟೆಲ್ ನಹೀ, ಘರ್ ಹೈ. ಕ್ಯೋಂ, ಘರ್‌ವಾಲೇ ಜಲ್ತೇ ನಹೀ ಕ್ಯಾ?"

ಮನೆಯವರು ಸುಡುವುದಿಲ್ಲವೇ ಎಂದು ಕೇಳುವ ಗಿರಾಕಿಯ ಬಳಿ ಯಾವ ವ್ಯಾಪಾರಿ ತಾನೇ ಚೌಕಾಸಿ ಮಾಡಿಯಾನು? ಆರಕ್ಕೂ ಬಿಲ್ ಬರೆದ.

ಅಲಾರಂ ತಂದು ತಗಲಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಅದು ತೊಟ್ಟಿಲ ಕೂಸು ಸ್ವಾಮಿ! ಫ್ಯಾನಿನ ಗಾಳಿ ತಾಕಬಾರದು. ಧೂಳು ಕೂರಬಾರದು, ಚಿಕ್ಕಪ್ಪನ ಹಳೆಯ ಶೇವಿಂಗ್ ಬ್ರಷ್ಷಿನಿಂದ ವಾರವಾರ ಮೈ ಒರೆಸಬೇಕು. ಪೆನ್ಸಿಲ್ ಸೆಲ್ ಹೊಸದೇ ಆಗಬೇಕು. ಅಲಾರಂಗಳು ಉಂಡು ಬಿಟ್ಟ ಸೆಲ್ಲುಗಳು ಗೋಡೆ ಗಡಿಯಾರಕ್ಕೆ, ಅದೂ ಬಿಟ್ಟದ್ದು ಟೀವಿ ರಿಮೋಟಿಗೆ. ಹಾಗಾಗಿ ಆ ಮನೆಯಲ್ಲಿ ಸಮಯ ಯಾವಾಗಲೂ ಹಿಂದೆ; ಚಾನೆಲ್ ಬದಲಿಸಲು ಟೀವಿಯವರೆಗೆ ನಡೆದೇ ಹೋಗಬೇಕು.

ಒಮ್ಮೆ ಒಂದು ಸೆಲ್ಲು ಸೋತು ಅಲಾರಂ ಆಗಾಗ 'ಕಿಚ್' ಎನ್ನತೊಡಗಿತು. ಚಿಕ್ಕಮ್ಮ ಊರಿಗೆ ಹೋಗಿದ್ದಳು. ಚಿಕ್ಕಪ್ಪ ಯಾವುದೋ ಗುಬ್ಬಚ್ಚಿ ಮನೆ ಹೊಕ್ಕಿದೆ ಎಂದು ತಿಳಿದು ಬೀರುವಿನ ಮೇಲೆ ಅಕ್ಕಿ ನುಚ್ಚು, ಬಟ್ಟಲಲ್ಲಿ ನೀರು ಇಟ್ಟರು. ಅವಳು ವಾಪಸು ಬಂದಾಗ, "ಪಾಪ, ಬಾಣಂತಿ ಇರಬೇಕು, ಹೊರಗೇ ಬರಲ್ಲ," ಎಂದು ಪಿಸುಗುಟ್ಟಿದರಂತೆ!

ತಿಂಗಳಿಗೊಮ್ಮೆ ಪರೀಕ್ಷೆ. ಚಿಕ್ಕಮ್ಮ ಪೊರಕೆಯ ಹಿಡಿಯಿಂದ ಗುಂಡಿ ಒತ್ತುತ್ತಾಳೆ. ಮನೆಯಲ್ಲಿದ್ದವರೆಲ್ಲ ಇದ್ದಂತೆಯೇ ಮೆಟ್ಟಿಲಿಳಿದು ಪಾರ್ಕಿನಲ್ಲಿ ನಿಲ್ಲಬೇಕು. ಅತಿಥಿಗಳಿಗೂ ರಿಯಾಯಿತಿಯಿಲ್ಲ. ತಾಜಮಹಲು ನೋಡಲೆಂದು ಬಂದ ನಮ್ಮ ದೊಡ್ಡಪ್ಪ ಅರ್ಧ ಗಡ್ಡ ಕೆರೆದುಕೊಂಡು, ಬನಿಯನ್ನಿನಲ್ಲಿ, ಸಾಬೂನು ನೊರೆಯೊಡನೆ ಪಾರ್ಕಿನಲ್ಲಿ ನಿಂತು ನಡುಗಿದರು.

"ಬೆಂಕಿ ಎಲ್ಲಮ್ಮಾ?"

"ಇಲ್ಲ ಭಾವ, ಅಭ್ಯಾಸ."

"ಯಾರಿಗೆ, ಬೆಂಕಿಗಾ?"

ಇಷ್ಟೆಲ್ಲ ಶಾಸ್ತ್ರ ಪಾಲಿಸುವ ಚಿಕ್ಕಮ್ಮ ಒಂದನ್ನು ಮಾತ್ರ ಬೇಕೆಂದೇ ಮುರಿದಿದ್ದಳು. ಅಡುಗೆಮನೆಯ ಬಾಗಿಲಿಗೆ ಅಲಾರಂ ಹಾಕಬೇಡಿ ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಅಲ್ಲೇ ಹಾಕಿದಳು. ಚಿಕ್ಕಪ್ಪನ ಒಗ್ಗರಣೆಯೋ, ಕೇಳಬೇಡಿ! ಊರಿನಿಂದ ತರಿಸಿದ ಬ್ಯಾಡಗಿ ಮೆಣಸಿನಕಾಯಿ, ಇಂಗು, ಸಾಸಿವೆ. ಎಣ್ಣೆ ಹೊಗೆಯಾಡಿದ ಮೇಲೆ ಚುಂಯ್! ಬೆನ್ನಲ್ಲೇ ಅಲಾರಂ ಕೊಂಯ್! ಪಲ್ಯಕ್ಕೊಮ್ಮೆ, ಸಾರಿಗೊಮ್ಮೆ.

"ಚಿಕ್ಕಪ್ಪ, ಅದನ್ನ ಕಿತ್ತು ನಡುಮನೆಗೆ ಹಾಕಿಸಿ," ಎಂದೆ.

"ನಿಮ್ಮ ಚಿಕ್ಕಮ್ಮನ್ನ ಕೇಳು. ಆ ಒಂದರ ತಂಟೆಗೆ ಹೋಗಬೇಡಿ ಅಂದಿದ್ದಾಳೆ."

ಮನುಷ್ಯ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾನಲ್ಲ! ದಿನ ಕಳೆದಂತೆ ಆ ಕೂಗು ಮನೆಯ ಊಟದ ಗಂಟೆಯಾಯಿತು. ಅದು ಕೂಗಿದರೆ ಸಾರಿಗೆ ಒಗ್ಗರಣೆ ಬಿತ್ತು, ತಟ್ಟೆ ಹಾಕಬಹುದು ಎಂದರ್ಥ. ಎದುರು ಮನೆಯ ಪಂಜಾಬಿ ಆಂಟಿಯೂ ಪಳಗಿಬಿಟ್ಟರು. ಅಲಾರಂ ಕೂಗುವುದೇ ತಡ, ಸಾಂಬಾರ್ ಆಯಿತೇ ಎಂದು ಬಟ್ಟಲು ಹಿಡಿದು ಬಾಗಿಲಲ್ಲಿ ಹಾಜರು. "ಸಾಂಬಾರ್ ಬನ್ ಗಯಾ?"

ಈಗ ಆ ಭಾನುವಾರ.

ಕೊರೆಯುವ ಚಳಿ. ಆದರೂ ಮಧ್ಯಾಹ್ನದ ಹೊತ್ತಿಗೆ ಚೂರು ಬಿಸಿಲು ಬಂದಿತ್ತು. ಚಿಕ್ಕಮ್ಮ ಕಡಲೆಕಾಯಿ ಕಟ್ಟಿಕೊಂಡು ತಾರಸಿಗೆ ಹೋಗಿದ್ದಳು. ನಾನು ನಡುಮನೆಯಲ್ಲಿ ಕಂಬಳಿ ಹೊದ್ದು ಫೋನು ನೋಡುತ್ತಿದ್ದೆ. ಅಲಾರಂ ಕೂಗಿತು. ಆರಕ್ಕೂ ಒಂದೇ ದನಿ, ಯಾವುದು ಎಂದು ನೋಡಲಿಲ್ಲ.

ಎದ್ದೆ. ತಟ್ಟೆ ಹಾಕಿದೆ. ಲೋಟಕ್ಕೆ ನೀರು ಬಗ್ಗಿಸಿದೆ. ಉಪ್ಪಿನಕಾಯಿ ಭರಣಿ ತಂದಿಟ್ಟೆ. ಕೂಗು ನಿಲ್ಲಲಿಲ್ಲ, ಇವತ್ತು ಮೆಣಸಿನಕಾಯಿ ಜೋರಾಗಿದೆ ಎಂದು ಖುಷಿಪಟ್ಟೆ! ಕರೆಗಂಟೆ ಬಡಿಯಿತು. ಆಂಟಿ, ಬಟ್ಟಲಿನೊಂದಿಗೆ. ಅವರನ್ನೂ ಕೂರಿಸಿದೆ. ಇಬ್ಬರು ವಿದ್ಯಾವಂತ ಹೆಂಗಸರು, ಮನೆಯೊಳಗೆ ಅಲಾರಂ ಬಾಯಿ ಬಡಿದುಕೊಳ್ಳುತ್ತಿರುವಾಗ, ತಟ್ಟೆಯ ಮುಂದೆ ಸಾರಿಗಾಗಿ ಕಾಯುತ್ತ ಕುಳಿತೆವು.

ಆಂಟಿ ಬಟ್ಟಲು ತಿರುಗಿಸುತ್ತ ಹುಬ್ಬು ಗಂಟಿಕ್ಕಿದರು. "ಬೇಟಾ, ಅಂಕಲ್‌ಜೀ ಕೋ ತೋ ಬುಖಾರ್ ಹೈ ನಾ?"

ಹೌದು. ಚಿಕ್ಕಪ್ಪನಿಗೆ ಜ್ವರ. ಬೆಳಿಗ್ಗೆಯೇ ಮಾತ್ರೆ ನುಂಗಿ, ಮಂಕಿ ಟೋಪಿ ಹಾಕಿಕೊಂಡು, ಹೀಟರ್ ಹಚ್ಚಿ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಹಾಗಾದರೆ ಒಗ್ಗರಣೆ ಹಾಕಿದವರು ಯಾರು?

ನಾನು ಎದ್ದೇಳುವ ಮೊದಲೇ ಮುಂಬಾಗಿಲು ಗೋಡೆಗೆ ಬಡಿಯಿತು. ಚಿಕ್ಕಮ್ಮ ಬರಿಗಾಲಿನಲ್ಲಿ, ಮಡಿಲಿನ ಕಡಲೆಸಿಪ್ಪೆ ಉದುರಿಸುತ್ತ ನುಗ್ಗಿದಳು. "ಅಡುಗೆಯವರು ಮಲಗಿದ್ದಾರೆ ಕಣೇ! ತಟ್ಟೆ ಹಾಕ್ಕೊಂಡು ಕೂತಿದ್ದೀಯಲ್ಲೇ! ಮೇನ್ ಆಫ್ ಮಾಡು!"

ಕೋಣೆಯ ಬಾಗಿಲು ತೆರೆದಾಗ ಕಂಡದ್ದು ಕೋಣೆಯಲ್ಲ, ಬೂದುಬಣ್ಣದ ಗೋಡೆ. ಮಂಚದಿಂದ ಜಾರಿದ ಹತ್ತಿ ತುಂಬಿದ ರಜಾಯಿಯ ಅಂಚು ಹೀಟರಿನ ಮೇಲೆ ಬಿದ್ದಿತ್ತು. ಉರಿಯೇಳದೆ ಒಳಗೊಳಗೇ ಸುಡುತ್ತಿತ್ತು. ನಾನು ಮೇನ್ ಸ್ವಿಚ್ ಕೆಳಗೆಳೆದೆ. ಚಿಕ್ಕಮ್ಮ ಬಗ್ಗಿ ಆ ಬೂದುಹೊಗೆಯೊಳಗೆ ಹೋದಳು. ಅವಳು ಕಾಣಿಸದೇ ಇದ್ದ ಆ ಕ್ಷಣವನ್ನು ನಾನು ಇವತ್ತಿಗೂ ಪೂರ್ತಿ ದಾಟಿಲ್ಲ. ಆಮೇಲೆ ಮಂಕಿ ಟೋಪಿ ಕಾಣಿಸಿತು, ಅದರ ಹಿಂದೆ ಚಿಕ್ಕಪ್ಪ, ಅವರ ಕಂಕುಳಿಗೆ ಕೈ ಕೊಟ್ಟು ಎಳೆಯುತ್ತಿದ್ದ ಚಿಕ್ಕಮ್ಮ. ಆಂಟಿ ಸಾಂಬಾರಿನ ಬಟ್ಟಲಿನಲ್ಲೇ ನೀರೆರಚಲು ಶುರುಮಾಡಿ, ನಡುವೆ ಬುದ್ಧಿ ಬಂದು ಬಕೆಟ್ಟಿಗೆ ಓಡಿದರು.

ರಜಾಯಿ ತೊಯ್ದು ಬಾಲ್ಕನಿ ಸೇರಿದ ಮೇಲೆ ಎಲ್ಲರೂ ಮೆಟ್ಟಿಲ ಮೇಲೆ ಕುಳಿತೆವು. ಚಿಕ್ಕಪ್ಪ ಕೆಮ್ಮಿ ಕೆಮ್ಮಿ, ಕಣ್ಣೊರೆಸಿಕೊಂಡು, "ನಾನು ಒಗ್ಗರಣೆ ಹಾಕ್ತಾ ಇದ್ದೀನಿ ಅಂತ ಕನಸು ಬಿತ್ತು ಕಣೇ," ಎಂದರು. "ಚೆನ್ನಾಗಿ ಬಂದಿತ್ತು."

"ನಿಮ್ಮ ಒಗ್ಗರಣೆಗೆ ಬೆಂಕಿ ಹಾಕ!" ಎಂದು ಚಿಕ್ಕಮ್ಮ ಅವರ ಭುಜಕ್ಕೆ ಗುದ್ದಿದಳು. ಗುದ್ದಿದ ಕೈಯಲ್ಲೇ ಸ್ವೆಟರು ಹಿಡಿದೆಳೆದು ಮೂಗಿಗೆ ಒತ್ತಿಕೊಂಡು ಉಸಿರೆಳೆದಳು. ಮತ್ತೆ ಎಳೆದಳು. "ಏ, ನೀನು ನೋಡೇ. ಇವರ ಮೈಗೆ ಹೊಗೆ ವಾಸನೆ ಹತ್ತಿದೆಯಾ?"

"ಬೀದಿಗೇ ಹೊಡೀತಿದೆಯಲ್ಲ ಚಿಕ್ಕಮ್ಮ, ಗೊತ್ತಾಗ್ತಿಲ್ವಾ?"

ಅವಳು ಮುಖ ತಿರುಗಿಸಿದಳು. ಚಿಕ್ಕಪ್ಪ ನಿಧಾನಕ್ಕೆ ಹೇಳಿದರು. "ಗೊತ್ತಾಗಲ್ಲಮ್ಮ ಅವಳಿಗೆ. ಕೊರೊನಾದಲ್ಲಿ ಹೋದ ವಾಸನೆ, ಬರಲೇ ಇಲ್ಲ."

"ಯಾರಿಗೂ ಹೇಳಬೇಡಿ ಅಂದಿದ್ನಲ್ರೀ," ಎಂದಳು ಚಿಕ್ಕಮ್ಮ. ದನಿಯಲ್ಲಿ ಜೋರಿರಲಿಲ್ಲ. ಆಮೇಲೆ ನನ್ನತ್ತ ನೋಡದೆಯೇ, "ಹಾಲು ಸೀದು ಪಾತ್ರೆ ಕಪ್ಪಾಗಿತ್ತು ಕಣೇ. ನಾನು ಪಕ್ಕದಲ್ಲೇ ನಿಂತು ಪೇಪರ್ ಓದ್ತಾ ಇದ್ದೆ. ಇನ್ನು ಇವರು ಮಲಗಿದ್ದಾಗ ಏನಾದರೂ ಆದರೆ?" ಎಂದಳು.

"ಅದು ಸರಿ. ಆದರೆ ಅಡುಗೆಮನೆ ಬಾಗಿಲಿಂದು ಯಾಕೆ?"

"ಅದೊಂದು ಇರಲಿ ಬಿಡು. ಅದು ಕೂಗಿದಾಗ ತಾನೇ ಇವರು ಒಗ್ಗರಣೆ ಹಾಕಿದ್ದು ನನಗೆ ತಿಳಿಯೋದು."

ಸಂಜೆ ಡಾಕ್ಟರು ನೋಡಿ ಹೋದ ಮೇಲೆ, ಬಿಸಿನೀರಿನಲ್ಲಿ ಚಿಕ್ಕಪ್ಪನ ಮೈ ಒರೆಸಿ, ಬೇರೆ ಅಂಗಿ ತೊಡಿಸಿ, ನನ್ನ ಮುಂದೆ ತಂದು ಕೂರಿಸಿದಳು. "ಈಗ ನೋಡು."

ನಾನು ಬಗ್ಗಿ ಮೂಸಿದೆ. "ಹೊಗೆ ಇಲ್ಲ. ಸೋಪು. ನೀಲಗಿರಿ ಎಣ್ಣೆ."

"ಮತ್ತೆ?"

"ಮತ್ತೇನು, ಚಿಕ್ಕಪ್ಪನ ವಾಸನೆ."

ಚಿಕ್ಕಮ್ಮ ಕುರ್ಚಿ ಹತ್ತಿರ ಎಳೆದುಕೊಂಡಳು. "ಹೇಗಿದೆ ಅದು? ಸ್ವಲ್ಪ ಬಿಡಿಸಿ ಹೇಳು."

ನಾನು ಮತ್ತೆ ಬಗ್ಗಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡೆ.