ಹೆಡಕಿಗೆ ಕಟ್ಟಿದ ಬಾಸಿಂಗ

ನಮ್ಮ ಸೋದರತ್ತೆ ಕಾರು ಹತ್ತಿದರೆ ದೇವರೂ ಜಾಗ ಬಿಡಬೇಕು! ಸುಳ್ಳಲ್ಲ. ಡ್ರೈವರ್ ಭಕ್ತಿಯಿಂದ ಮುಂದೆ ಕೂರಿಸಿದ ಹಿತ್ತಾಳೆ ಬಸವಣ್ಣನಿಗೆ ಆಕೆ ಮೊದಲು ಕೈಮುಗಿದು, ಆಮೇಲೆ ಅವನನ್ನು ಕಿತ್ತು, ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಾಳೆ.

"ಬ್ರೇಕ್ ಹೊಡದ್ರ ಬಸವಣ್ಣ ಹಾರಿ ಬರ್ತಾನ. ಅವನ ಕೋಡು ನಿನ್ನ ಕಣ್ಣಾಗ ನಟ್ರ ಯಾರಿಗೆ ಬೈತಿ?"

ಡ್ರೈವರ್ ಗಾಡಿ ಚಾಲೂ ಮಾಡುತ್ತಾನೆ. ದೇವರಿಗೆ ಬೈಯಲಾದೀತೇ!

ಇಂಡಿಯಿಂದ ಸಿಂದಗಿಗೆ ಹೊರಟಾಗೊಮ್ಮೆ ನಮ್ಮ ಕಾಕಾನ ಜೇಬಿನ ಪೆನ್ನು, ಬಾಯೊಳಗಿನ ಹಲ್ಲುಕಡ್ಡಿ ಎರಡನ್ನೂ ಜಪ್ತಿ ಮಾಡಿದಳು. ಗಾಜಿನ ಚಸ್ಮಾ ತೆಗೆಸಿ ಪ್ಲಾಸ್ಟಿಕ್ಕಿನದು ಮಾಡಿಸಿದ ಮೇಲೆಯೇ ಅವನಿಗೆ ಮುಂದಿನ ಸೀಟು ಸಿಕ್ಕಿದ್ದು. "ಅಕ್ಕಾ, ನಾ ಊರಿಗೆ ಹೊಂಟೇನೋ, ಜೈಲಿಗೆ ಹೊಂಟೇನೋ?" ಎಂದು ಕಾಕಾ ಗೊಣಗಿದ. ಬೆಲ್ಟು ಮಾತ್ರ ತೆಪ್ಪಗೆ ಹಾಕಿಕೊಂಡ.

ಇಂಥವಳು ನನ್ನ ಮದುವೆಯಲ್ಲಿ ಸುಮ್ಮನಿದ್ದಾಳೇ? ಇಂಡಿಯಲ್ಲಿ ಅಕ್ಷತೆ ಬಿದ್ದು, ನಾನು ಬಸವನ ಬಾಗೇವಾಡಿಯ ಗಂಡನ ಮನೆಗೆ ಹೊರಟಿದ್ದೆ. ಜೊತೆಗೆ ಬರುವವಳು ಸೋದರತ್ತೆಯೇ; ಬಸವಣ್ಣ ಆಗಲೇ ಅವಳ ಚೀಲ ಸೇರಿದ್ದ. ಮದುಮಕ್ಕಳಾದ ನಮ್ಮಿಬ್ಬರ ಹಣೆಯ ಬಾಸಿಂಗ ನೋಡಿದವಳೇ ಕಾರಿನ ಬಾಗಿಲಿಗೆ ಅಡ್ಡ ನಿಂತಳು. "ಒಳಗೆಲ್ಲಾ ತಂತಿ ಐತಿ. ಕಣ್ಣಿನ ಮ್ಯಾಲೇ ಜೋತಾಡಾಕತ್ತೈತಿ. ಬಿಚ್ಚರಿ!"

ಬೀಗರ ಮುಖ ಕೆಂಪಾಯಿತು. ಬೀಗಿತ್ತಿ, ಅಂದರೆ ನನ್ನ ಗಂಡನ ತಾಯಿ, ಕಾರಿನಿಂದ ಇಳಿದೇಬಿಟ್ಟರು. "ಹೊಸ್ತಿಲಾ ದಾಟೂಕಿಂತ ಮೊದಲ ಬಾಸಿಂಗ ಬಿಚ್ಚೂದಂದ್ರ ಅಪಶಕುನರಿ! ನಾ ಒಲ್ಲೆ!"

ಮದುವೆಯಾಗಿ ಎರಡು ತಾಸೂ ಆಗಿಲ್ಲ, ತವರಿಗೆ ವಾಪಸ್ಸೇ?

"ಬಿಚ್ಚಬ್ಯಾಡ್ರಿ ಹಂಗಾರ," ಎಂದಳು ಅತ್ತೆ. "ಹಿಂದಕ ತಿರುವ್ರಿ. ಹೆಡಕಿಗೇನ್ ಕಣ್ಣ ಅದಾವೇನು?"

ಹೀಗೆ ನಾವಿಬ್ಬರೂ ಕತ್ತಿನ ಹಿಂದೆ ಬಾಸಿಂಗ ಜೋಲಿಸಿಕೊಂಡು, ಸೀಟಿನ ಸಂದಿಯಿಂದ ಅತ್ತೆ ಎಳೆದು ತೆಗೆದ ಬೆಲ್ಟು ಬಿಗಿದುಕೊಂಡು ಹೊರಟೆವು. ಬೀಗಿತ್ತಿ ಮುಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತರು, ಅವರಿಗೂ ಬೆಲ್ಟು!

ಬಾಗೇವಾಡಿ ಇನ್ನೇನು ಬಂತು ಎನ್ನುವಾಗ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡದಾರಿಯಿಂದ ನುಗ್ಗಿತು. ಡ್ರೈವರ್ ಬ್ರೇಕ್ ಒತ್ತಿದ. ಬೆಲ್ಟು ನಮ್ಮ ಎದೆ ಹಿಡಿದು ನಿಲ್ಲಿಸಿತು, ಆದರೂ ನನ್ನ ಗಂಡನ ಹಣೆ ಮುಂದಿನ ಸೀಟಿಗೆ ಮೆಲ್ಲಗೆ ಬಡಿಯಿತು. ಬರೀ ಹಣೆ! ತಂತಿ ಹೆಡಕಿನಲ್ಲಿ ಕ್ಷೇಮವಾಗಿತ್ತು.

ಬೀಗಿತ್ತಿ ಹಿಂತಿರುಗಿ ಮಗನ ಕಣ್ಣು ನೋಡಿದರು, ಬಾಸಿಂಗ ನೋಡಿದರು. "ಅಕ್ಕಾರ, ಮನಿ ಬಾಗಿಲಾ ಬರೂ ತನಕಾ ಅದು ಹಿಂದ ಇರ್ಲಿರಿ," ಎಂದರು. ಡ್ರೈವರಂತೂ, "ಬಸವಣ್ಣನ್ನ ಚೀಲದಾಗೇ ಇಟ್ಕೋರಿ ಅವ್ವಾರ!" ಎಂದು ಕೈಮುಗಿದ. ಗೆದ್ದಳು ನಮ್ಮತ್ತೆ!

ಗೆದ್ದವಳು ಮಾತ್ರ ಬೀಗಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಕಣ್ಣು ಪರೀಕ್ಷಿಸಿ, ಬೆರಳೆತ್ತಿದಳು. "ಎಷ್ಟು ಅದಾವ? ಹೇಳು."

ಬೆರಳು ನೀರಿನೊಳಗೆ ತೇಲಿದಂತೆ ಕಂಡವು. ನನಗೆ ಎಣಿಸಲಾಗಲಿಲ್ಲ.

"ಅಯ್ಯ ಶಿವನ! ಕಣ್ಣು ಮಂಜಾಗ್ಯಾವೇನು?"

"ಕಣ್ಣಿಗೇನೂ ಆಗಿಲ್ಲ, ಅತ್ತಿ," ಎಂದೆ. "ನಾಳಿಂದ ನನ್ನ ಕಾರಿನ್ಯಾಗ ನೀ ಇರಂಗಿಲ್ಲಲ್ಲ, ಅದಕ್ಕ."